ವಾಪಸ್ ತಗೋ ಅಕ್ಕಾ

ನಗೋದಾದ್ರೆ ಈಗಲೇ ನಕ್ಕುಬಿಡಿ... ಆಮೇಲೆ ಆಗೋದಿಲ್ಲ. ಇದು ನಮ್ಮ ದೊಡ್ಡಮ್ಮನ ಮಗಳಿಗೇ ಆದದ್ದು. ಆ ರಾತ್ರಿ ಆಸ್ಪತ್ರೆಯಿಂದ ಹಳೇ ಬಾವಿಯ ದಾರಿಯಲ್ಲಿ ಒಬ್ಬಳೇ ಮನೆಗೆ ಹೊರಟಿದ್ದಳು.

ಅವಳು ಟೈಲರ್. ತಮ್ಮನ ಲಿವರ್ ಕೈಕೊಟ್ಟಾಗ ತನ್ನದರಲ್ಲೇ ದೊಡ್ಡ ತುಂಡು ಕೊಯ್ಸಿ ಕೊಟ್ಟಳು. "ದಿನಾ ಕತ್ತರಿ ಹಿಡಿಯೋಳಿಗೆ ಇದೇನು ಮಹಾ" ಎಂದು ತಮಾಷೆ ಬೇರೆ. ಅವಳೇನೋ ಎದ್ದು ಓಡಾಡಿದಳು. ತಮ್ಮ ಏಳಲಿಲ್ಲ. ಒಳಗೆ ರಕ್ತ ಸೋರುತ್ತಿದೆ ಎಂದು ಮತ್ತೆ ಹೊಟ್ಟೆ ತೆರೆದರು. ಆ ರಾತ್ರಿ ಪಿತ್ತ ಸೋರುತ್ತಿದೆ ಎಂದು ಇನ್ನೊಮ್ಮೆ. "ಬೆಳಗಿನವರೆಗೂ ಆಗುತ್ತೆ, ಬಟ್ಟೆ ಬದಲಾಯಿಸಿ ಬನ್ನಿ" ಎಂದು ನರ್ಸು ಕಳಿಸಿದ್ದರು.

ಕಿರ್ರ್... ಕಿರ್ರ್... ಬಾವಿಯ ರಾಟೆ. ಅದಕ್ಕೆ ಹಗ್ಗವೇ ಇರಲಿಲ್ಲ.

ಕಟ್ಟೆಯ ಮೇಲೆ ತಮ್ಮ ಕೂತಿದ್ದ. ಆಸ್ಪತ್ರೆಯ ಹಸಿರು ಅಂಗಿ. ಹೊಟ್ಟೆಗೆ ಎರಡೂ ಕೈ ಒತ್ತಿಕೊಂಡಿದ್ದ. ಬೆರಳ ಸಂದಿಯಿಂದ ತೊಟ್... ತೊಟ್...

"ಅಕ್ಕಾ... ನಿಂದು ನೀನೇ ವಾಪಸ್ ತಗೋ."

"ಹುಚ್ಚಪ್ಪಾ! ಕೊಟ್ಟು ಕಿತ್ಕೊಳ್ಳೋಕೆ ಇದೇನು ಬುಗುರಿನಾ? ಇಟ್ಕೋ."

"ತುಂಬಾ ನೋಯ್ತಿದೆ ಕಣಕ್ಕಾ..."

"ಸ್ವಲ್ಪ ತಡ್ಕೋ ಪುಟ್ಟಾ. ವಾಪಸ್ ಆಸ್ಪತ್ರೆಗೆ ಹೋಗು."

ತಲೆ ತಗ್ಗಿಸಿದ. ಚಿಕ್ಕಂದಿನಿಂದಲೂ ಅಕ್ಕನ ಮಾತು ಮೀರಿದವನಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಕಟ್ಟೆ ಖಾಲಿ. ಫೋನು ಗುರ್ರ್ ಎಂದಿತು. ಆಪರೇಷನ್ ಟೇಬಲ್ ಮೇಲೆ ಅವನ ಎದೆಬಡಿತ ನಿಂತೇಹೋಗಿತ್ತಂತೆ, ಈಗಷ್ಟೇ ಮರಳಿತಂತೆ.

ಗೆದ್ದೆ ಅಂದುಕೊಂಡಳು, ಪಾಪ. ಆಮೇಲೆ ಅವನ ಹೊಟ್ಟೆಯೊಳಗೆ ನಂಜಾಯಿತು. ಮತ್ತೆ ತೆರೆದರು. ಈ ಸಲ ಹೊಲಿಯಲೂ ಆಗದೆ ಹೊಟ್ಟೆಯನ್ನು ಹಾಗೇ ಪಟ್ಟಿ ಮುಚ್ಚಿ ಬಿಟ್ಟರು. ಬಾಯಲ್ಲಿ ಕೊಳವೆ, ಮಾತಿಲ್ಲ. ಕಣ್ಣು ಮಾತ್ರ ಅಕ್ಕನ ಮೇಲೆ. ಅವತ್ತೇ ಹೋಗಿಬಿಡುತ್ತಿದ್ದವನನ್ನು ಈ ನರಕಕ್ಕೆ ವಾಪಸ್ ಅಟ್ಟಿದವಳು ನಾನೇ ಎಂದುಕೊಂಡಳು. ಯಾರ ಹತ್ತಿರ ಹೇಳಿಕೊಳ್ಳುತ್ತಾಳೆ? ಡಾಕ್ಟರು "ಇನ್ನೊಮ್ಮೆ ತೆರೀಬೇಕಮ್ಮಾ" ಎಂದ ರಾತ್ರಿ ಸೀದಾ ಬಾವಿಗೆ ನಡೆದಳು.

"ಬಾರೋ..." ಪಿಸುಗುಟ್ಟಿದಳು. "ಕೊಡು. ತಗೋತೀನಿ."

ಎರಡೂ ಕೈ ಚಾಚಿ ನಿಂತಳು. ಯಾರೂ ಕಾಣಲಿಲ್ಲ. ಆದರೆ ಅಂಗೈ ಭಾರವಾಯಿತು... ಬೆಚ್ಚಗೆ... ಆಮೇಲೆ ಹಗುರಾಯಿತು. ಅಲ್ಲೇ ಕುಸಿದು ಗೊಳೋ ಎಂದು ಅತ್ತಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕೊಟ್ಟವರ ಲಿವರ್ ಮತ್ತೆ ಬೆಳೆಯುತ್ತೆ, ನನಗೂ ಗೊತ್ತು. ಆದರೆ ಕೊಯ್ದ ಆಕಾರ, ಒಳಗೆ ಹಾಕಿದ ಕ್ಲಿಪ್ಪು ಹಾಗೇ ಉಳಿಯುತ್ತವೆ. ಮುಂದಿನ ತಿಂಗಳು ಸ್ಕ್ಯಾನಿಂಗ್‌ನವರು ಪರದೆ ನೋಡಿದರು. ಅವಳ ಹೊಟ್ಟೆಯ ಮೇಲಿನ ಗಾಯದ ಗೆರೆ ನೋಡಿದರು. ಮತ್ತೆ ಪರದೆ.

"ಏನಮ್ಮಾ... ಇಲ್ಲಿಂದ ಯಾರೂ ಏನೂ ತೆಗೆದೇ ಇಲ್ವಲ್ಲ?"

ನಂಬಿ, ಬಿಡಿ. ಅವಳ ಚಪ್ಪಲಿ ಹಿಡ್ಕೊಂಡು ನಾನು ಅಲ್ಲೇ ನಿಂತಿದ್ದೆ.