ಅಮ್ಮನಿಗೆ ಎಂಬ ಫೈಲು

ದೀಪ ಸ್ವಲ್ಪ ಸಣ್ಣದು ಮಾಡಿ... ಹಾಂ, ಸಾಕು. ಇದು ಯಾರೋ ಕಟ್ಟಿ ಹೇಳಿದ ಕತೆಯಲ್ಲ. ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು. ಕಂಪ್ಯೂಟರ್ ರಿಪೇರಿ ಮಾಡುವವನು. ಎಲ್ಲರೂ ಅವನನ್ನು ಪೊರಕೆ ಅಂತಲೇ ಕರೆಯುವುದು. ಯಾವ ಮೆಷಿನ್ ಕೊಟ್ಟರೂ ಮೊದಲು ಗುಡಿಸುತ್ತಾನೆ, ಆಮೇಲೆ ಕೇಳುತ್ತಾನೆ.

ಅವತ್ತು ಅಂಗಡಿ ಬಾಗಿಲು ಎಳೆದಾಗ ಹತ್ತು ದಾಟಿತ್ತು. ಮನೆಯ ದಾರಿಯಲ್ಲೊಂದು ಹಾಳು ಬಾವಿ, ಮೇಲೆ ತಗಡು ಮುಚ್ಚಿದ್ದಾರೆ. ಗಾಳಿಗೆ ತಗಡು ಕಿರ್ರ್... ಕಿರ್ರ್... ಅನ್ನುತ್ತಿತ್ತು. ನೀವು ಅಂದುಕೊಂಡ ಹಾಗೆ ಬಾವಿಯಿಂದ ಏನೂ ಎದ್ದು ಬರಲಿಲ್ಲ. ಎದುರು ಮನೆಯ ಕಿಟಕಿಯಿಂದ ಟೈಲರ್ ಅತ್ತೆ ಕರೆದರು.

"ಮಲಗೋ ಹೊತ್ತಲ್ಲಿ ಕರೀತಿದ್ದೀನಿ, ಬೇಜಾರಾಗ್ಬೇಡಪ್ಪಾ. ಪುಟ್ಟಿ ಕಂಪ್ಯೂಟರು ನಾಲ್ಕು ದಿನದಿಂದ ನನ್ನನ್ನ ಒಳಗೇ ಬಿಡ್ತಿಲ್ಲ."

ಪುಟ್ಟಿ ಅತ್ತೆಯ ಒಬ್ಬಳೇ ಮಗಳು. ಏಳು ತಿಂಗಳ ಹಿಂದೆ ತೀರಿಕೊಂಡಳು. ಹತ್ತೊಂಬತ್ತು ವರ್ಷ, ಸಾಯುವ ವಯಸ್ಸಾ ಅದು? ಅತ್ತೆಗೆ ಕಣ್ಣು ಮಂಜು. ಹೊಲಿಗೆ ಬೆರಳಿಗೇ ಗೊತ್ತು, ಅಕ್ಷರ ಮಾತ್ರ ಕಾಣದು. ಅದಕ್ಕೇ ತಾನು ಹಾಸಿಗೆ ಹಿಡಿದ ಮೇಲೆ ಪುಟ್ಟಿ ದಿನಾ ಒಂದಿಷ್ಟು ಪುಸ್ತಕ ಓದಿ, ರೆಕಾರ್ಡ್ ಮಾಡಿ, ಅಮ್ಮನಿಗೆ ಅಂತ ಇಟ್ಟಿದ್ದಳು. ಅದನ್ನು ಕೇಳದೆ ಅತ್ತೆಗೆ ನಿದ್ದೆ ಹತ್ತುತ್ತಿರಲಿಲ್ಲ.

"ಕೇಳಿದಷ್ಟೂ ಮುಗೀತಾನೇ ಇರ್ಲಿಲ್ಲ. ದಿನಾ ಹೊಸದೇ," ಅಂದರು ಅತ್ತೆ. "ಬೇರೆ ಏನು ಹೋದ್ರೂ ಹೋಗ್ಲಿ. ಅವಳ ದನಿ ಒಂದು ಇರ್ಲಿ."

ಪೊರಕೆ ಕುಳಿತ. ವಿಂಡೋಸ್ ಅಲ್ಲ, ಲಿನಕ್ಸ್ ಮೆಷಿನ್. ಪಾಸ್‌ವರ್ಡ್ ಹಾಕಿದರೆ ಪರದೆ ಕಪ್ಪಾಗುತ್ತದೆ... ಒಂದು ಕ್ಷಣ... ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ತಪ್ಪು ಅನ್ನುವುದಿಲ್ಲ, ಸರಿ ಅನ್ನುವುದೂ ಇಲ್ಲ. ಅವನಿಗೆ ಇದು ಹೊಸದಲ್ಲ. ಡಿಸ್ಕ್ ತುಂಬಿದರೆ ಹೀಗೇ, ಕಾಲಿಡಲು ಜಾಗವಿಲ್ಲದೆ ಬಂದವರನ್ನು ಹೊರಗೆ ಕಳಿಸುತ್ತದೆ. ಮೂರು ಕೀ ಒಟ್ಟಿಗೆ ಒತ್ತಿ, ಬರೀ ಅಕ್ಷರ ಮೂಡುವ ಕಪ್ಪು ಪರದೆಗೆ ಹೋದ. ಅಲ್ಲಿ ಅತ್ತೆಯ ಹೆಸರಿಗೆ ಬಾಗಿಲು ತೆರೆಯಿತು. ಡಿಸ್ಕ್ ನೂರಕ್ಕೆ ನೂರು ತುಂಬಿತ್ತು.

ಹಾಡುಗಳ ಫೋಲ್ಡರ್ ನೋಡಿದ. ‘ಅಮ್ಮನಿಗೆ’ ಅಂತ ಒಂದು ಫೈಲು. ಇದೆಯಲ್ಲ, ಸಾಕು ಅಂದುಕೊಂಡ. ಹಾಳುಮೂಳು ಸೇರುವ ಇನ್ನೊಂದು ಫೋಲ್ಡರಿನಲ್ಲಿ ಬರೀ ಅಂಕಿಗಳ ಹೆಸರಿನ ಫೈಲೊಂದು ಮುಕ್ಕಾಲು ಡಿಸ್ಕ್ ತಿಂದು ಕೂತಿತ್ತು. ಹಿಂದೆ ಮುಂದೆ ನೋಡಲಿಲ್ಲ. ಗುಡಿಸಿದ.

ಆಮೇಲೆ ಪಟ್ಟಿ ನೋಡಿದರೆ... ‘ಅಮ್ಮನಿಗೆ’ ಕೆಂಪಗಾಗಿತ್ತು.

ಅದು ಫೈಲೇ ಆಗಿರಲಿಲ್ಲ. ದಾರಿ ತೋರಿಸುವ ಬರೀ ಕೊಂಡಿ. ಆಚೆ ತುದಿಯಲ್ಲಿದ್ದದ್ದು ಇಲ್ಲವಾದರೆ ಅದು ಕೆಂಪಗೆ ಕಾಣುತ್ತದೆ. ಆಚೆ ತುದಿಯಲ್ಲಿದ್ದದ್ದನ್ನು ಅವನು ಈಗಷ್ಟೇ ಗುಡಿಸಿದ್ದ.

ಅತ್ತೆ ಬೆನ್ನ ಹಿಂದೆಯೇ ಕೂತಿದ್ದರು. ಅವನು ತುಟಿ ಬಿಚ್ಚಲಿಲ್ಲ. ಅಳಿಸಿದ್ದಕ್ಕಿಂತ ಹಾಗೆ ಸುಮ್ಮನಿದ್ದದ್ದೇ ದೊಡ್ಡ ತಪ್ಪು, ಅದು ಅವನಿಗೆ ಆಮೇಲೆ ಗೊತ್ತಾಯಿತು.

ಮತ್ತೆ ಜಾಗ ಅಳೆದ. ಈಗಲೂ ನೂರಕ್ಕೆ ನೂರು. ಹೋದ ಜೀವ ಬಂದಂತಾಯಿತು. ಯಾಕೆಂದರೆ ಲಿನಕ್ಸಿನಲ್ಲಿ ಅಳಿಸಿದರೆ ಮೊದಲು ಹೋಗುವುದು ಹೆಸರು ಮಾತ್ರ. ಯಾರಾದರೂ ಆ ಫೈಲನ್ನು ತೆರೆದು ಹಿಡಿದಿದ್ದರೆ, ಅವರು ಬಿಡುವವರೆಗೂ ಒಳಗಿನದೆಲ್ಲ ಹಾಗೇ ಇರುತ್ತದೆ. ಅಷ್ಟರಲ್ಲಿ ನಕಲು ತೆಗೆದರೆ ಉಳಿಯಿತು.

ಹಿಡಿದವರು ಯಾರು ಅಂತ ಮೆಷಿನ್ನನ್ನೇ ಕೇಳಿದ. ಒಂದೇ ಸಾಲು ಬಂತು. ಪುಟ್ಟಿ.

ಒಳಗೆ ಯಾರ್ಯಾರಿದ್ದಾರೆ ಅಂತ ಕೇಳಿದ. ಎರಡು ಸಾಲು. ಅತ್ತೆಯ ಹೆಸರು, ಐದು ನಿಮಿಷದಿಂದ. ಪುಟ್ಟಿ, ಇದೇ ಕೀಬೋರ್ಡಿನಿಂದ... ಏಳು ತಿಂಗಳ ಹಿಂದಿನ ತಾರೀಕು. ಬೆಳಗಿನ ಜಾವ ನಾಲ್ಕು ಹನ್ನೊಂದು.

"ಅತ್ತೆ," ಅಂದ ಪಿಸುದನಿಯಲ್ಲಿ, "ಇದನ್ನ ಮಧ್ಯೆ ಆಫ್ ಮಾಡಿದ್ರಾ?"

"ದಿನಾ ಮಾಡ್ತೀನಲ್ಲ. ಪ್ಲಗ್ಗೂ ಕಿತ್ತಿಡ್ತೀನಿ." ಆಫ್ ಮಾಡಿದ ಮೆಷಿನ್ನಿನೊಳಗೆ ಯಾರೂ ಉಳಿಯುವ ಹಾಗಿಲ್ಲ.

"ಪುಟ್ಟಿ... ಹೋಗಿದ್ದು ಎಷ್ಟು ಹೊತ್ತಿಗೆ?"

"ನಾಲ್ಕು ಹತ್ತಕ್ಕೆ."

ಕಂಪ್ಯೂಟರಿನ ಡಬ್ಬದೊಳಗೆ ಗುಂಯ್ ಅನ್ನುತ್ತಿದ್ದ ಫ್ಯಾನು ನಿಂತಿತು... ಮತ್ತೆ ತಿರುಗಿತು.

"ಏನಪ್ಪಾ ಅದು?"

"ಒಂದು ಫೈಲ್ ಹಿಡ್ಕೊಂಡು ಕೂತಿದ್ದಾರೆ. ಅದಕ್ಕೇ ಜಾಗ ಇಲ್ಲ."

"ಯಾರು?"

"ಪುಟ್ಟಿ."

ಅತ್ತೆ ಹೆದರಲಿಲ್ಲ. ಪರದೆಯ ಕಡೆ ಸ್ವಲ್ಪ ಬಾಗಿ ಕೂತರು.

ನಕಲಿಗೆ ಬೇರೆ ಡಿಸ್ಕ್ ಬೇಕು, ಅದಿರುವುದು ಅಂಗಡಿಯಲ್ಲಿ. "ಈಗ ಬಂದೆ. ದಮ್ಮಯ್ಯ, ಏನೂ ಮುಟ್ಬೇಡಿ," ಅಂದವನೇ ಓಡಿದ. ಬಾವಿಯ ತಗಡು ಕಿರ್ರ್ ಅಂದಿತೋ ಇಲ್ಲವೋ, ಅವನಿಗೆ ನೆನಪಿಲ್ಲ.

ಏದುಸಿರು ಬಿಡುತ್ತ ತಿರುಗಿ ಬಂದಾಗ... ಕಪ್ಪು ಪರದೆ ಇರಲಿಲ್ಲ. ಮೆಷಿನ್ ತೆರೆದಿತ್ತು. ನೀಲಿ ಹಿನ್ನೆಲೆ, ಫೋಲ್ಡರುಗಳೆಲ್ಲ ಸಾಲಾಗಿ. ಅತ್ತೆ ಎರಡೂ ಕೈ ಮಡಿಲಲ್ಲಿಟ್ಟು ಕೂತಿದ್ದರು.

"ನಾನೇನೂ ಮುಟ್ಟಲಿಲ್ಲ ಕಣಪ್ಪಾ. ಬಾಯಲ್ಲಿ ಹೇಳಿದೆ ಅಷ್ಟೆ. ಎಷ್ಟು ದಿನದಿಂದ ಹಿಡ್ಕೊಂಡಿದ್ದೀಯೋ, ಕೈ ಸೋತಿರುತ್ತೆ, ಬಿಡು ಪುಟ್ಟಿ, ಅಮ್ಮ ಒಳಗೆ ಬರ್ಲಿ ಅಂದೆ. ಟಕ್ ಅಂತು. ತಾನೇ ತೆರ್ಕೊಂತು."

ಏಳು ತಿಂಗಳಲ್ಲಿ ಮೊದಲ ಸಲ ಅತ್ತೆ ನಕ್ಕಿದ್ದು.

"ನನ್ನ ಮಾತು ಯಾವತ್ತೂ ಮೀರಿದವಳಲ್ಲ. ಹಾಕು, ಕೇಳೋಣ."

ಪೊರಕೆ ಜಾಗ ನೋಡಿದ. ಮುಕ್ಕಾಲು ಡಿಸ್ಕ್ ಖಾಲಿ. ಕೈಯಲ್ಲಿ ತಂದ ಡಿಸ್ಕ್ ಕೈಯಲ್ಲೇ ಇತ್ತು. ಆಗ ಹೇಳಿದ... ಗುಡಿಸಿದ್ದು, ಮುಚ್ಚಿಟ್ಟಿದ್ದು, ಎಲ್ಲ.

ಅತ್ತೆ ಅಳಲಿಲ್ಲ. ಒಂದೇ ಮಾತಾಡಿದರು.

"ಮೊದಲೇ ಹೇಳಿದ್ರೆ, ಬಿಗಿಯಾಗಿ ಹಿಡ್ಕೋ ಅಂತಿದ್ನಲ್ಲಪ್ಪಾ."

ಸುಳ್ಳು ಅನ್ನುವವರು ಅವನ ಅಂಗಡಿಗೇ ಹೋಗಿ ನೋಡಿ. ಆ ಮೆಷಿನ್ನಿನ ದಾಖಲೆಯನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿಕೊಂಡಿದ್ದಾನೆ. ಪುಟ್ಟಿಯ ಸಾಲು ಅದರಲ್ಲಿದೆ. ಒಳಗೆ ಬಂದದ್ದು ಏಳು ತಿಂಗಳ ಹಿಂದೆ, ನಾಲ್ಕು ಹನ್ನೊಂದಕ್ಕೆ. ಹೊರಗೆ ಹೋದದ್ದು ಆ ರಾತ್ರಿ, ಹತ್ತು ಐವತ್ತೆರಡಕ್ಕೆ. ಅದರ ಕೆಳಗಿನ ಸಾಲಿನಲ್ಲಿ ಮೆಷಿನ್ ಆನ್ ಆದ ಹೊತ್ತಿದೆ. ಅದೇ ರಾತ್ರಿ, ಹತ್ತು ಇಪ್ಪತ್ತು.