ಮನಿಪ್ಲಾಂಟಿನ ಬಾಟ್ಲಿ

ಬಿ.ಸಿ.ರೋಡಿನಲ್ಲಿ ಮೂಡುಬಿದಿರೆ ಬಸ್ಸಿಗೆ ಕಾಯುತ್ತಿದ್ದ ವಿನೋದಾಳ ಕಿವಿ, ಅದೇ ಬಸ್ಸಿಗೆಂದು ಪಕ್ಕದಲ್ಲಿ ನಿಂತಿದ್ದ ಇಬ್ಬರ ಮಾತಿಗೆ ನೆಟ್ಟಗಾಯಿತು.

“ಶೋಧನ್, ನೀನು ನಿನ್ನೆ ಕುಡಿಸಿದ ಫಾರಿನ್ ಆ್ಯಪಲ್ ಸೈಡರಿಗೂ ನಾನು ತಂದ ಹಿಮಾಚಲದ್ದಕ್ಕೂ ಒಂದೇ ರುಚಿ ಮಾರಾಯ.”

“ಎಂತ ಮುಂಡಪ್ಪಣ್ಣ! ಫಾರಿನ್‌ದ್ದರ ಪರಿಮಳವೇ ಬೇರೆ.”

“ನನ್ನದು ಮುಚ್ಚಳ ತೆಗೆಯುವಾಗ ಬುಸ್ ಅಂತು. ನಿನ್ನದು ಯಾಕೆ ಸುಮ್ಮನಿತ್ತು?”

“ವಿಮಾನದಲ್ಲಿ ಬಂದದ್ದಲ್ವಾ, ಗ್ಯಾಸ್ ಹೋಗಿರ್ಬೇಕು.”

“ಮತ್ತೆ ಆ ಫಾರಿನ್ ಖಾಲಿ ಬಾಟ್ಲಿ ಯಾಕೆ ಚೀಲಕ್ಕೆ ಹಾಕಿದ್ದಿ?”

“ಮನಿಪ್ಲಾಂಟ್ ಇಡ್ಲಿಕ್ಕೆ.”

“ಕಳೆದ ವರ್ಷವೂ ಹಾಗೇ ಹೇಳಿ ಒಂದು ಫಾರಿನ್ ಬಾಟ್ಲಿ ಕೊಂಡುಹೋಗಿದ್ದಿ. ಅದರ ಲೇಬಲೂ ಇದೇ ಮೂಲೆಯಲ್ಲಿ ಹರಿದಿತ್ತು.”

ಅಷ್ಟರಲ್ಲಿ ಬಸ್ಸೊಂದು ಬಂತು. ಶೋಧನ್ ಚೀಲ ಅವುಚಿಕೊಂಡು ಹಾರಿ ಹತ್ತಿದ. ಅದು ಬೆಳ್ತಂಗಡಿಗೆ ಹೋಗುವ ಬಸ್ಸೆಂದು ಕೂಗಿ ಹೇಳಬೇಕೆನಿಸಿದರೂ ವಿನೋದಾ ನಗು ತಡೆದುಕೊಂಡು ಮೂಡುಬಿದಿರೆ ಬಸ್ಸಿನ ದಾರಿ ನೋಡಿದಳು.