ಬಲ ಕ್ಲಿಕ್ಕಿನ ಮೆನುವಿನಲ್ಲಿ ಒಂದು ಸಾಲು

ಹಲ್ಲಿನ ಡಾಕ್ಟರ ಹೊರಕೋಣೆ. ನನ್ನ ಪಕ್ಕದಲ್ಲಿ ಕೆಲಸ ಕಳೆದುಕೊಂಡ ಗುಮಾಸ್ತ. ಅವನಾಚೆ ಅದೇ ಕಚೇರಿಯಲ್ಲಿ ಇನ್ನೂ ಉಳಿದಿರುವ ಹೆಂಗಸು, ಕೆನ್ನೆ ಊದಿಸಿಕೊಂಡು.

"ಸ್ಕ್ಯಾನಾದ ಆಸ್ತಿಪತ್ರಗಳ ಫೈಲುಗಳಿಗೆ ದಿನವಿಡೀ ಹೆಸರಿಡ್ತಿದ್ದೆ. ಆ ಕೆಲಸ ತಾನೇ ಮಾಡೋ ಪುಟ್ಟ ಪ್ರೋಗ್ರಾಂ, ಸ್ಕ್ರಿಪ್ಟ್ ಅಂತಾರಲ್ಲ, ಅದನ್ನ ಬರೆದು ಮೌಸಿನ ಬಲ ಕ್ಲಿಕ್ಕಿನ ಮೆನುಗೆ ಸೇರಿಸಿದೆ. ಒಂದೇ ಒತ್ತಿಗೆ ಮುಗೀತು," ಎಂದ ಗುಮಾಸ್ತ.

"ಅದನ್ನ ಸಾಹೇಬರಿಗೆ ಬೇರೆ ತೋರಿಸಿದೆ. ಕೂತ ಕೊಂಬೇನ ನೀನೇ ಕಡ್ಕೊಂಡೆ."

"ಚಪ್ಪಾಳೆ ತಟ್ಟಿದ್ರು. ತಿಂಗಳೊಳಗೆ ಮನೆಗೆ ಕಳಿಸಿದ್ರು. ಫೈಲಿನ ಹೆಸರಲ್ಲಿ ಎರಡು ಪದದ ಮಧ್ಯೆ ಖಾಲಿ ಜಾಗ ಇದ್ರೆ ಆ ಸ್ಕ್ರಿಪ್ಟು ಫೈಲನ್ನೇ ಅಳಿಸುತ್ತೆ ಅಂತ ನಾನೂ ಹೇಳಲಿಲ್ಲ."

"ಅಳಿಸುತ್ತಾ?"

"ನಾನು ನೋಡ್ಕೊಂಡು ಒತ್ತುತ್ತಿದ್ದೆ. ಈಗ ಸಾಹೇಬರೇ ಒತ್ಲಿ."

"ಸಾಹೇಬರು ಒತ್ತೋದು ಲಿಫ್ಟ್ ಬಟನ್ ಮಾತ್ರ ಕಣೋ! ಮೂರು ವಾರದಿಂದ ನಿನ್ನ ಸ್ಕ್ರಿಪ್ಟನ್ನ ಒತ್ತುತ್ತಿರೋಳು ನಾನು."

ಒಳಗಿನಿಂದ ಅವಳ ಸರದಿ ಕೂಗಿದರು. ಅವಳಾಗಲೇ ಕೆನ್ನೆ ಹಿಡಿದುಕೊಂಡು ಕಚೇರಿಯತ್ತ ಬೀದಿಗಿಳಿದಿದ್ದಳು.